ಗಣಕಯಂತ್ರ ಕೇಳುವ ಪ್ರಶ್ನೆ: ಬ್ರೌಸರ್ ಆಯ್ಕೆಯ ಪರದೆ ಮತ್ತು ಪಂಚಾಯತಿ ಕಚೇರಿ



ಗ್ರಾಮ ಪಂಚಾಯತಿ ಕಚೇರಿಯ ಗಣಕಯಂತ್ರವನ್ನು ಬೆಳಿಗ್ಗೆ ಚಾಲನೆಗೊಳಿಸಿದಾಗ, ಕೆಲವು ದಿನ ಎಂದಿನ ಪರದೆಯ ಬದಲಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಹಿಂದಿನ ರಾತ್ರಿ ತಂತ್ರಾಂಶದ ಅಪ್‌ಡೇಟ್ ಆಗಿರುತ್ತದೆ. ಅಂತರಜಾಲವನ್ನು ತೆರೆಯಲು ಯಾವ ಬ್ರೌಸರ್ ಬಳಸುವಿರಿ, ಶಿಫಾರಸು ಮಾಡಿದ ವ್ಯವಸ್ಥೆಯನ್ನು ಒಪ್ಪುವಿರಾ, ಹಳೆಯ ಬ್ರೌಸರ್‌ನಲ್ಲಿರುವ ಮಾಹಿತಿಯನ್ನು ಇಲ್ಲಿಗೆ ತರಬೇಕೇ ಎಂದು ಗಣಕಯಂತ್ರ ಕೇಳುತ್ತದೆ. ಹೊರಗೆ ಪಹಣಿಗಾಗಿ, ತೆರಿಗೆ ರಸೀದಿಗಾಗಿ ಜನ ಕಾಯುತ್ತಿರುತ್ತಾರೆ. ಗಣಕಯಂತ್ರ ನಿರ್ವಾಹಕರು ದೊಡ್ಡದಾಗಿ ಕಾಣುವ ನೀಲಿ ಗುಂಡಿಯನ್ನು ಒತ್ತಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಆ ಒಂದು ಒತ್ತುವಿಕೆಯಿಂದ ಕಚೇರಿಯ ಪರವಾಗಿ ಒಂದು ತೀರ್ಮಾನ ಆಗಿಬಿಟ್ಟಿರುತ್ತದೆ. ಆ ತೀರ್ಮಾನ ಏನು, ಅದನ್ನು ಯಾರು ಮಾಡಬೇಕಿತ್ತು, ಇಂತಹ ಪ್ರಶ್ನೆ ಗಣಕಯಂತ್ರದ ಪರದೆಗೆ ಬಂದದ್ದಾದರೂ ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬ್ರೌಸರ್ ಎಂದರೇನು?

ಅಂತರಜಾಲದಲ್ಲಿರುವ ಪುಟಗಳನ್ನು ತಂದು ಪರದೆಯ ಮೇಲೆ ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ, ಒಪೇರಾ ಇವೆಲ್ಲ ಬ್ರೌಸರ್‌ಗಳು. ಗೂಗಲ್ ಎಂಬುದು ಹುಡುಕಾಟದ ತಾಣ, ಕ್ರೋಮ್ ಎಂಬುದು ಬ್ರೌಸರ್. ಎರಡನ್ನೂ ಒಂದೇ ಕಂಪನಿ ನಡೆಸುವುದರಿಂದ ಇವು ಒಂದೇ ಎಂದು ಅನೇಕರು ಭಾವಿಸುತ್ತಾರೆ. ಒಂದನ್ನು ಊರಿಗೆ ಕರೆದೊಯ್ಯುವ ವಾಹನಕ್ಕೂ ಇನ್ನೊಂದನ್ನು ದಾರಿ ಹೇಳುವ ವ್ಯಕ್ತಿಗೂ ಹೋಲಿಸಬಹುದು.

ಪಂಚತಂತ್ರ 2.0, ಇ-ಸ್ವತ್ತು, ಬಾಪೂಜಿ ಸೇವಾ ಕೇಂದ್ರದ ಸೇವೆಗಳು ಮುಂತಾದ ಇಂದಿನ ಪಂಚಾಯತಿ ಕೆಲಸಗಳ ಬಹುಭಾಗ ಬ್ರೌಸರ್ ಮೂಲಕವೇ ನಡೆಯುತ್ತದೆ. ಹಿಂದೆ ಕಚೇರಿಯ ದಾಖಲೆಗಳು ಕಪಾಟಿನಲ್ಲಿದ್ದವು, ಕಪಾಟಿನ ಬೀಗದ ಕೈ ಜವಾಬ್ದಾರಿಯುಳ್ಳವರ ಬಳಿ ಇರುತ್ತಿತ್ತು. ಇಂದು ಲಾಗಿನ್ ಹೆಸರು ಮತ್ತು ಪಾಸ್‌ವರ್ಡ್‌ಗಳು ಆ ಬೀಗದ ಕೈಗಳಾಗಿವೆ. ಬ್ರೌಸರ್ ಅವುಗಳನ್ನು ನೆನಪಿಟ್ಟುಕೊಳ್ಳುತ್ತದೆ. ಆದುದರಿಂದ ಬ್ರೌಸರ್ ಆಯ್ಕೆಯೆಂದರೆ ಕಚೇರಿಯ ಬೀಗದ ಕೈಗಳನ್ನು ಎಲ್ಲಿಡಬೇಕು ಎಂಬುದರ ಆಯ್ಕೆಯೂ ಹೌದು.

ಪೂರ್ವನಿಗದಿತ ಆಯ್ಕೆಯ ಬಲ

ಒಂದು ಗಣಕಯಂತ್ರದಲ್ಲಿ ಎರಡು ಮೂರು ಬ್ರೌಸರ್‌ಗಳು ಇರಬಹುದು. ಆದರೆ ಯಾವುದಾದರೂ ಕೊಂಡಿಯನ್ನು ಒತ್ತಿದಾಗ ತಾನಾಗಿಯೇ ತೆರೆದುಕೊಳ್ಳುವ ಬ್ರೌಸರ್ ಒಂದೇ. ಅದನ್ನು ಪೂರ್ವನಿಗದಿತ ಬ್ರೌಸರ್ ಎನ್ನುತ್ತೇವೆ. ಬಳಕೆದಾರರಲ್ಲಿ ಹೆಚ್ಚಿನವರು ಇದನ್ನು ಬದಲಾಯಿಸಲು ಹೋಗುವುದಿಲ್ಲ. ಮೊದಲಿನಿಂದ ಇದ್ದದ್ದೇ ಇರಲಿ ಎಂಬುದು ಮನುಷ್ಯಸಹಜ. ತಂತ್ರಾಂಶ ಕಂಪನಿಗಳ ನಡುವಿನ ಮೂವತ್ತು ವರ್ಷಗಳ ಪೈಪೋಟಿಗೆ ಈ ಸ್ವಭಾವವೇ ಮೂಲ.

1990ರ ದಶಕದ ಮಧ್ಯದಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಎಂಬ ಬ್ರೌಸರ್ ಅತ್ಯಂತ ಜನಪ್ರಿಯವಾಗಿತ್ತು. 1995ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ತನ್ನದೇ ಬ್ರೌಸರನ್ನು ಹೊರತಂದು, ಕ್ರಮೇಣ ಅದನ್ನು ವಿಂಡೋಸ್ ಕಾರ್ಯಾಚರಣೆ ವ್ಯವಸ್ಥೆಯ ಜೊತೆಗೇ ನೀಡತೊಡಗಿತು. ಹೊಸ ಗಣಕಯಂತ್ರ ಕೊಂಡವರಿಗೆ ಬ್ರೌಸರ್ ಅದರಲ್ಲಿಯೇ ಸಿಗುತ್ತಿದ್ದುದರಿಂದ ಬೇರೆಯದನ್ನು ಹುಡುಕುವ ಅಗತ್ಯವೇ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ನೆಟ್‌ಸ್ಕೇಪ್ ಹಿಂದೆ ಬಿತ್ತು. 1998ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಮೈಕ್ರೋಸಾಫ್ಟ್ ವಿರುದ್ಧ ಮೊಕದ್ದಮೆ ಹೂಡಿತು. 2000ದಲ್ಲಿ ಕಂಪನಿಯನ್ನು ಎರಡಾಗಿ ಒಡೆಯುವಂತೆ ಕೆಳ ನ್ಯಾಯಾಲಯ ಆದೇಶಿಸಿತು. 2001ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ಭಾಗವನ್ನು ರದ್ದುಪಡಿಸಿತು, ಆದರೆ ಕಂಪನಿ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿತ್ತು ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಬಳಕೆದಾರನ ಮುಂದೆಯೇ ಪ್ರಶ್ನೆಯಿಟ್ಟು ಉತ್ತರ ಪಡೆಯುವ ವಿಧಾನ ಆಗಿನ್ನೂ ಬಂದಿರಲಿಲ್ಲ. ಅದು ಬಂದದ್ದು ಯುರೋಪಿನಲ್ಲಿ.

2010ರ ಯುರೋಪಿನ ಆಯ್ಕೆ ಪರದೆ

2007ರ ಡಿಸೆಂಬರ್‌ನಲ್ಲಿ ನಾರ್ವೆ ದೇಶದ ಒಪೇರಾ ಕಂಪನಿಯು ಐರೋಪ್ಯ ಆಯೋಗಕ್ಕೆ ದೂರು ನೀಡಿತು. ವಿಂಡೋಸ್ ಜೊತೆ ಒಂದೇ ಬ್ರೌಸರನ್ನು ಕಟ್ಟಿಕೊಡುವುದರಿಂದ ಉಳಿದವರಿಗೆ ಸಮಾನ ಅವಕಾಶ ಇಲ್ಲದಂತಾಗಿದೆ ಎಂಬುದು ದೂರಿನ ಸಾರ. ವಿಚಾರಣೆಯ ನಂತರ 2009ರ ಡಿಸೆಂಬರ್ 16ರಂದು ಆಯೋಗವು ಮೈಕ್ರೋಸಾಫ್ಟ್ ನೀಡಿದ ವಾಗ್ದಾನವನ್ನು ಅಂಗೀಕರಿಸಿ, ಐದು ವರ್ಷಗಳ ಕಾಲ ಅದಕ್ಕೆ ಬದ್ಧವಾಗಿರುವಂತೆ ಆದೇಶಿಸಿತು.

ಅದರಂತೆ 2010ರ ಮಾರ್ಚ್‌ನಿಂದ ಐರೋಪ್ಯ ಆರ್ಥಿಕ ವಲಯದಲ್ಲಿ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಪೂರ್ವನಿಗದಿತವಾಗಿದ್ದ ವಿಂಡೋಸ್ ಎಕ್ಸ್‌ಪಿ, ವಿಸ್ತಾ ಮತ್ತು ವಿಂಡೋಸ್ 7 ಗಣಕಯಂತ್ರಗಳಿಗೆ ಅಪ್‌ಡೇಟ್ ಮೂಲಕ ಒಂದು ಪರದೆ ತಲುಪಿತು. ಅದರಲ್ಲಿ ಹನ್ನೆರಡು ಬ್ರೌಸರ್‌ಗಳ ಪಟ್ಟಿಯಿತ್ತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್, ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮತ್ತು ಒಪೇರಾ ಎಂಬ ಐದು ಮುಖ್ಯ ಬ್ರೌಸರ್‌ಗಳು ಮೊದಲ ನೋಟಕ್ಕೇ ಕಾಣುತ್ತಿದ್ದವು. ಉಳಿದ ಏಳನ್ನು ನೋಡಲು ಪರದೆಯನ್ನು ಪಕ್ಕಕ್ಕೆ ಸರಿಸಬೇಕಿತ್ತು. ಈಗ ಬೇಡ, ನಂತರ ಆರಿಸುತ್ತೇನೆ ಎನ್ನುವ ಗುಂಡಿಯೂ ಇತ್ತು. 2010ರ ನವೆಂಬರ್ ವೇಳೆಗೆ ಈ ಪರದೆಯ ಮೂಲಕ 8.4 ಕೋಟಿ ಬ್ರೌಸರ್‌ಗಳು ಡೌನ್‌ಲೋಡ್ ಆಗಿದ್ದವೆಂದು ಆಯೋಗ ತಿಳಿಸಿದೆ. ಕೇಳುವವರಿದ್ದರೆ ಜನ ಆರಿಸಿಕೊಳ್ಳುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಹೆಸರುಗಳ ಕ್ರಮದ ಪ್ರಶ್ನೆ

ಚುನಾವಣೆಯನ್ನು ಎದುರಿಸಿ ಬಂದಿರುವ ಸದಸ್ಯರಿಗೆ ಪಟ್ಟಿಯಲ್ಲಿ ಹೆಸರು ಯಾವ ಸ್ಥಾನದಲ್ಲಿದೆ ಎಂಬುದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಯುರೋಪಿನ ಪರದೆಯಲ್ಲಿಯೂ ಇದೇ ಚರ್ಚೆ ನಡೆಯಿತು. 2009ರ ಒಂದು ಕರಡಿನಲ್ಲಿ ಕಂಪನಿಗಳ ಹೆಸರಿನ ಅಕಾರಾದಿ ಕ್ರಮದಲ್ಲಿ ಬ್ರೌಸರ್‌ಗಳನ್ನು ಜೋಡಿಸುವ ಪ್ರಸ್ತಾವವಿತ್ತು. ಹಾಗೆ ಮಾಡಿದರೆ ಆಪಲ್ ಕಂಪನಿಯ ಸಫಾರಿ ಯಾವಾಗಲೂ ಮೊದಲಿರುತ್ತದೆ ಎಂಬ ಆಕ್ಷೇಪಣೆ ಬಂತು. ಕೊನೆಗೆ ಪ್ರತಿ ಬಾರಿಯೂ ಕ್ರಮ ಬದಲಾಗುವಂತೆ, ಅಂದರೆ ಚೀಟಿ ಎತ್ತಿದಂತೆ ಜೋಡಿಸಬೇಕೆಂದು ನಿರ್ಧರಿಸಲಾಯಿತು.

ಆದರೆ ಚೀಟಿ ಎತ್ತುವ ವಿಧಾನದಲ್ಲೇ ದೋಷವಿತ್ತು. ಪರದೆ ಬಂದ ಕೆಲವೇ ದಿನಗಳಲ್ಲಿ ತಂತ್ರಜ್ಞರು ಅದನ್ನು ಸಾವಿರಾರು ಬಾರಿ ತೆರೆದು ಎಣಿಸಿ ನೋಡಿದರು. ಐದು ಸ್ಥಾನಗಳಿದ್ದಾಗ ಯಾವುದೇ ಬ್ರೌಸರ್ ಪ್ರತಿ ಸ್ಥಾನದಲ್ಲೂ ಸರಿಸುಮಾರು ಐದರಲ್ಲಿ ಒಂದು ಬಾರಿ ಕಾಣಬೇಕು. ಎಣಿಕೆಯಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಸುಮಾರು ಅರ್ಧದಷ್ಟು ಬಾರಿ ಕೊನೆಯ ಸ್ಥಾನದಲ್ಲಿಯೇ ಕಾಣಿಸಿತು. ಡಬ್ಬಿಯನ್ನು ಸರಿಯಾಗಿ ಕುಲುಕದೆ ಚೀಟಿ ಎತ್ತಿದರೆ ಹೇಗಾಗುತ್ತದೆಯೋ ಹಾಗೆ, ಕ್ರಮ ಬದಲಿಸುವ ಸಂಕೇತವನ್ನು ತಪ್ಪಾಗಿ ಬರೆಯಲಾಗಿತ್ತು. ತನಗೇ ನಷ್ಟವಾಗುವ ತಪ್ಪನ್ನು ಮೈಕ್ರೋಸಾಫ್ಟ್ ಬೇಕೆಂದು ಮಾಡಿರಲಾರದು. ದೋಷವನ್ನು ಅದು ಕೂಡಲೇ ಸರಿಪಡಿಸಿತು. ಹೊರಗಿನವರು ಎಣಿಸಿ ನೋಡಿರದಿದ್ದರೆ ಈ ತಪ್ಪು ಹಾಗೆಯೇ ಉಳಿಯಬಹುದಿತ್ತು ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು.

ಪರದೆಯೇ ಕಾಣೆಯಾದಾಗ

ಇದಕ್ಕಿಂತ ದೊಡ್ಡ ಲೋಪ ಮುಂದೆ ನಡೆಯಿತು. ವಿಂಡೋಸ್ 7ರ ಒಂದನೇ ಸರ್ವಿಸ್ ಪ್ಯಾಕ್ ಎಂಬ ದೊಡ್ಡ ಅಪ್‌ಡೇಟ್‌ನಲ್ಲಿ ಆಯ್ಕೆಯ ಪರದೆಯೇ ಇರಲಿಲ್ಲ. ಆಯೋಗದ ಲೆಕ್ಕದಂತೆ 2011ರ ಮೇ ತಿಂಗಳಿಂದ 2012ರ ಜುಲೈವರೆಗೆ ಸುಮಾರು 1.5 ಕೋಟಿ ಬಳಕೆದಾರರಿಗೆ ಪ್ರಶ್ನೆಯೇ ಎದುರಾಗಲಿಲ್ಲ. ಇದು ತಾಂತ್ರಿಕ ತಪ್ಪಿನಿಂದ ಆದದ್ದೆಂದು ಕಂಪನಿ ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿತು. ಆದರೂ 2013ರ ಮಾರ್ಚ್ 6ರಂದು ಆಯೋಗವು 56.1 ಕೋಟಿ ಯುರೋ ದಂಡ ವಿಧಿಸಿತು. ತಾನೇ ನೀಡಿದ ವಾಗ್ದಾನವನ್ನು ಪಾಲಿಸದ ಕಾರಣಕ್ಕೆ ಆಯೋಗವು ಒಂದು ಕಂಪನಿಗೆ ದಂಡ ವಿಧಿಸಿದ್ದು ಅದೇ ಮೊದಲು.

ಹದಿನಾಲ್ಕು ತಿಂಗಳ ಕಾಲ ಪರದೆ ಕಾಣೆಯಾಗಿದ್ದರೂ ಕಚೇರಿಗಳಲ್ಲಿ ಕೆಲಸ ನಿಲ್ಲಲಿಲ್ಲ, ಗಣಕಯಂತ್ರಗಳು ಕೆಡಲಿಲ್ಲ. ಆದುದರಿಂದಲೇ ಲೋಪ ಅಷ್ಟು ಕಾಲ ಮುಂದುವರಿಯಿತು. ಸೌಲಭ್ಯ ನಿಂತರೆ ಜನ ದೂರು ನೀಡುತ್ತಾರೆ. ಆಯ್ಕೆಯ ಅವಕಾಶ ನಿಂತರೆ, ಅದು ತಮಗೆ ಇತ್ತೆಂಬುದೇ ತಿಳಿಯದಿರುವುದರಿಂದ, ಯಾರೂ ಕೇಳುವುದಿಲ್ಲ. ವಾರ್ಡ್ ಸಭೆಯ ಸೂಚನೆ ತಲುಪದ ಓಣಿಯವರು ಸಭೆಗೆ ಬಾರದಿದ್ದಾಗ ನಾವು ಅದನ್ನು ನಿರಾಸಕ್ತಿ ಎಂದು ಬರೆದುಕೊಳ್ಳುವುದುಂಟು. ಆದರೆ ಅಲ್ಲಿ ಆಗಿರುವುದು ಬೇರೆಯೇ.

ಮೊಬೈಲ್ ಫೋನಿಗೆ ಬಂದ ಪ್ರಶ್ನೆ

ಜನರ ಬಳಕೆ ಮೊಬೈಲ್‌ನತ್ತ ಹೊರಳಿದಂತೆ ಪ್ರಶ್ನೆಯೂ ಅಲ್ಲಿಗೆ ಹೋಯಿತು. 2018ರ ಜುಲೈನಲ್ಲಿ ಐರೋಪ್ಯ ಆಯೋಗವು ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್ ಕಂಪನಿಗೆ 434 ಕೋಟಿ ಯುರೋ ದಂಡ ವಿಧಿಸಿತು. 2022ರಲ್ಲಿ ಐರೋಪ್ಯ ಸಾಮಾನ್ಯ ನ್ಯಾಯಾಲಯವು ಅದನ್ನು 412.5 ಕೋಟಿ ಯುರೋಗೆ ಇಳಿಸಿತು. 2019ರಲ್ಲಿ ಯುರೋಪಿನ ಆಂಡ್ರಾಯ್ಡ್ ಬಳಕೆದಾರರಿಗೆ ಬ್ರೌಸರ್ ಮತ್ತು ಹುಡುಕಾಟದ ತಾಣ ಆರಿಸಿಕೊಳ್ಳುವ ಪರದೆಗಳನ್ನು ತೋರಿಸಲಾಯಿತು. 2020ರಲ್ಲಿ ಹೊಸ ಫೋನುಗಳಿಗಾಗಿ ಬಂದ ಹುಡುಕಾಟದ ಪರದೆಯಲ್ಲಿ ಸ್ಥಾನ ಪಡೆಯಲು ಗೂಗಲ್ ಹರಾಜು ಪದ್ಧತಿಯನ್ನು ಅನುಸರಿಸಿತು. ಹೆಚ್ಚು ಹಣ ಕೊಟ್ಟವರಿಗೆ ಪರದೆಯಲ್ಲಿ ಜಾಗ ಸಿಗುತ್ತಿತ್ತು. ಸಣ್ಣ ಕಂಪನಿಗಳ ಆಕ್ಷೇಪಣೆಯ ನಂತರ 2021ರ ಸೆಪ್ಟೆಂಬರ್‌ನಿಂದ ಹರಾಜನ್ನು ಕೈಬಿಟ್ಟು ಉಚಿತವಾಗಿ ಸ್ಥಾನ ನೀಡಲಾಯಿತು.

ಮುಂದೆ ಐರೋಪ್ಯ ಒಕ್ಕೂಟವು ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯನ್ನು ತಂದಿತು. ಅದರ ಬಾಧ್ಯತೆಗಳು ದೊಡ್ಡ ಕಂಪನಿಗಳಿಗೆ 2024ರ ಮಾರ್ಚ್ 7ರಿಂದ ಅನ್ವಯವಾದವು. ಎರಡು ದಿನ ಮೊದಲು ಬಿಡುಗಡೆಯಾದ ಐಒಎಸ್ 17.4 ಅಪ್‌ಡೇಟ್ ನಂತರ, ಐರೋಪ್ಯ ಒಕ್ಕೂಟದ ಐಫೋನ್ ಬಳಕೆದಾರರು ಸಫಾರಿಯನ್ನು ಮೊದಲ ಬಾರಿ ತೆರೆದಾಗ ಬ್ರೌಸರ್‌ಗಳ ಪಟ್ಟಿ ಎದುರಾಗತೊಡಗಿತು. ಅದೇ ಕಾಯಿದೆಯ ಪರಿಣಾಮವಾಗಿ ಐರೋಪ್ಯ ಆರ್ಥಿಕ ವಲಯದ ವಿಂಡೋಸ್ ಬಳಕೆದಾರರಿಗೆ ಎಡ್ಜ್ ಬ್ರೌಸರನ್ನು ಪೂರ್ಣವಾಗಿ ತೆಗೆದುಹಾಕುವ ಅವಕಾಶವೂ ದೊರೆಯಿತು.

ನಮ್ಮ ದೇಶದಲ್ಲಿ ಏನಾಗಿದೆ?

ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ ₹1,337.76 ಕೋಟಿ ದಂಡ ವಿಧಿಸಿತು. ಆಂಡ್ರಾಯ್ಡ್‌ನ ಆ್ಯಪ್ ಮಳಿಗೆಯಲ್ಲಿ ತನಗಿರುವ ಪ್ರಬಲ ಸ್ಥಾನವನ್ನು ಗೂಗಲ್ ಬ್ರೌಸರ್ ಕ್ಷೇತ್ರದಲ್ಲಿಯೂ ಕ್ರೋಮ್‌ಗೆ ಅನುಕೂಲವಾಗುವಂತೆ ಬಳಸಿಕೊಂಡಿದೆ ಎಂಬುದು ಆಯೋಗ ಕಂಡುಕೊಂಡ ಅಂಶಗಳಲ್ಲಿ ಒಂದು. ಫೋನನ್ನು ಮೊದಲು ಸಿದ್ಧಪಡಿಸಿಕೊಳ್ಳುವಾಗಲೇ ಹುಡುಕಾಟದ ತಾಣವನ್ನು ಆರಿಸಿಕೊಳ್ಳುವ ಅವಕಾಶ ಬಳಕೆದಾರರಿಗೆ ಇರಬೇಕೆಂದೂ ಆಯೋಗ ನಿರ್ದೇಶಿಸಿತು. 2023ರ ಜನವರಿ 19ರಂದು ಸರ್ವೋಚ್ಚ ನ್ಯಾಯಾಲಯವು ಆದೇಶಕ್ಕೆ ತಡೆ ನೀಡಲು ನಿರಾಕರಿಸಿತು. ಅದೇ ತಿಂಗಳ 25ರಂದು, ಭಾರತದ ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಹುಡುಕಾಟದ ಆಯ್ಕೆ ಪರದೆ ತೋರಿಸುವುದಾಗಿ ಗೂಗಲ್ ಪ್ರಕಟಿಸಿತು. 2023ರ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿ, ದಂಡವನ್ನು ಎತ್ತಿಹಿಡಿಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ಬಂದಿರುವ ಪರದೆ ಫೋನಿನ ಹುಡುಕಾಟದ ತಾಣಕ್ಕೆ ಸಂಬಂಧಿಸಿದ್ದು. ಯುರೋಪಿನ ಬ್ರೌಸರ್ ಪರದೆಗಳು ಅಲ್ಲಿನ ಬಳಕೆದಾರರಿಗಾಗಿ ರೂಪಿಸಿದವು. ಹಾಗಾದರೆ ನಮ್ಮ ಪಂಚಾಯತಿ ಕಚೇರಿಯ ಗಣಕಯಂತ್ರದಲ್ಲಿ ಕಾಣುವ ಬ್ರೌಸರ್ ಪ್ರಶ್ನೆ ಯಾವುದು?

ಮೂರು ಬಗೆಯ ಪರದೆಗಳು

ಇಂತಹ ಪರದೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಈ ವಿಂಗಡಣೆಯನ್ನು ಸದಸ್ಯರು ನೆನಪಿನಲ್ಲಿಡುವುದು ಅಗತ್ಯ.

ಮೊದಲನೆಯದು, ಕಾನೂನಿನ ಬಲದಿಂದ ಬಂದ ಪರದೆ. ಅದರಲ್ಲಿ ಪೈಪೋಟಿಯ ಎಲ್ಲ ಬ್ರೌಸರ್‌ಗಳೂ ಒಂದೇ ಅಳತೆಯಲ್ಲಿ, ಕ್ರಮ ಬದಲಾಯಿಸಿಕೊಂಡು ಕಾಣುತ್ತವೆ. ಮೇಲೆ ವಿವರಿಸಿದ ಯುರೋಪಿನ ಪರದೆಗಳು ಈ ಬಗೆಯವು.

ಎರಡನೆಯದು, ಕಂಪನಿಯು ತಾನಾಗಿಯೇ ತೋರಿಸುವ ಶಿಫಾರಸು. ವಿಂಡೋಸ್ ಅಪ್‌ಡೇಟ್ ಆದ ನಂತರ ಶಿಫಾರಸು ಮಾಡಿದ ಬ್ರೌಸರ್ ವ್ಯವಸ್ಥೆಯನ್ನು ಬಳಸಿ ಎಂದು ಹೇಳುವ ಪರದೆ, ಕ್ರೋಮ್ ತೆರೆದಾಗ ಇದನ್ನೇ ಪೂರ್ವನಿಗದಿತಗೊಳಿಸಿ ಎಂದು ಮೇಲ್ಭಾಗದಲ್ಲಿ ಕಾಣುವ ಪಟ್ಟಿ ಇವು ಈ ಬಗೆಯವು. ನಮ್ಮ ಕಚೇರಿಗಳಲ್ಲಿ ಕಾಣುವುದು ಬಹುಮಟ್ಟಿಗೆ ಇದೇ. ಇದು ನೋಡಲು ಪ್ರಶ್ನೆಯಂತಿದ್ದರೂ ವಾಸ್ತವದಲ್ಲಿ ಒಂದು ಪಕ್ಷದ ಪ್ರಚಾರ. ಒಪ್ಪುವ ಗುಂಡಿ ದೊಡ್ಡದಾಗಿಯೂ ಬಣ್ಣದಲ್ಲಿಯೂ ಇರುತ್ತದೆ, ಬೇಡವೆನ್ನುವ ಮಾತು ಸಣ್ಣ ಅಕ್ಷರದಲ್ಲಿರುತ್ತದೆ. ಇದು ಅಪರಾಧವಲ್ಲ, ಒಪ್ಪಲೇಬೇಕೆಂಬ ನಿಯಮವೂ ಇಲ್ಲ. ಬೇಡವೆಂದು ಹೇಳಿದರೆ ಗಣಕಯಂತ್ರಕ್ಕೆ ಯಾವ ಹಾನಿಯೂ ಆಗುವುದಿಲ್ಲ.

ಮೂರನೆಯದು ವಂಚನೆ. ಯಾವುದೋ ಜಾಲತಾಣ ನೋಡುತ್ತಿರುವಾಗ, ನಿಮ್ಮ ಬ್ರೌಸರ್ ಹಳೆಯದಾಗಿದೆ, ಕೂಡಲೇ ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ ಎಂದು ಹೆದರಿಸುವ ಪುಟ ತೆರೆದುಕೊಳ್ಳುತ್ತದೆ. ಒತ್ತಿದರೆ ಬ್ರೌಸರ್ ಬದಲಿಗೆ ಪಾಸ್‌ವರ್ಡ್ ಕದಿಯುವ ಅಥವಾ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ತಂತ್ರಾಂಶ ಇಳಿಯುತ್ತದೆ. ಇದನ್ನು ಗುರುತಿಸುವ ಸರಳ ಸೂತ್ರ ಹೀಗಿದೆ: ನಿಜವಾದ ಅಪ್‌ಡೇಟ್ ಬ್ರೌಸರ್‌ನ ಅಥವಾ ವಿಂಡೋಸ್‌ನ ಸೆಟ್ಟಿಂಗ್ಸ್ ಒಳಗಿನಿಂದ ನಡೆಯುತ್ತದೆ. ಜಾಲತಾಣದ ಪುಟದ ಒಳಗೆ ಕಾಣಿಸಿಕೊಳ್ಳುವ ಅಪ್‌ಡೇಟ್ ಸೂಚನೆಯನ್ನು ನಂಬಬಾರದು. ಅನುಮಾನ ಬಂದಾಗ ಆ ಪುಟವನ್ನು ಮುಚ್ಚಿ, ಬ್ರೌಸರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಇದೆಯೇ ಎಂದು ನೋಡುವುದು ಸುರಕ್ಷಿತ. ವಂಚನೆಯಿಂದ ಹಣ ಕಳೆದುಕೊಂಡಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಆರಿಸಿಕೊಳ್ಳುವ ಮುನ್ನ ನೋಡಬೇಕಾದ ಅಂಶಗಳು

ಯಾವ ಬ್ರೌಸರ್ ಉತ್ತಮ ಎಂದು ಈ ಲೇಖನ ಹೇಳುವುದಿಲ್ಲ. ಕ್ರೋಮ್, ಎಡ್ಜ್, ಒಪೇರಾ ಮತ್ತು ಬ್ರೇವ್ ಬ್ರೌಸರ್‌ಗಳು ಕ್ರೋಮಿಯಂ ಎಂಬ ಒಂದೇ ಮೂಲ ತಂತ್ರಾಂಶದ ಮೇಲೆ ನಿಂತಿರುವುದರಿಂದ, ಒಂದರಲ್ಲಿ ತೆರೆಯುವ ಪುಟ ಸಾಮಾನ್ಯವಾಗಿ ಇನ್ನೊಂದರಲ್ಲೂ ತೆರೆಯುತ್ತದೆ. ಫೈರ್‌ಫಾಕ್ಸ್‌ನ ಮೂಲ ಬೇರೆ. ಆಯ್ಕೆ ಮಾಡುವಾಗ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಒಳಿತು.

1. ಗಣಕಯಂತ್ರದ ವಯಸ್ಸು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು ಮುಗಿಯಿತು. ಅದರಲ್ಲಿ ನಡೆಯುವ ಕೊನೆಯ ಕ್ರೋಮ್ ಆವೃತ್ತಿ 109. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹಳೆಯ ಗಣಕಯಂತ್ರದಲ್ಲಿ ಯಾವ ಬ್ರೌಸರ್ ಎಂಬುದಕ್ಕಿಂತ, ಅದಕ್ಕೆ ಭದ್ರತಾ ಅಪ್‌ಡೇಟ್ ಈಗಲೂ ಬರುತ್ತಿದೆಯೇ ಎಂಬುದು ಮೊದಲ ಪ್ರಶ್ನೆ.

2. ಹಳೆಯ ಜಾಲತಾಣಗಳು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತಿಯಾಯಿತು. ಅದರಲ್ಲಿ ಮಾತ್ರ ತೆರೆಯುವಂತೆ ಹಿಂದೆ ರೂಪಿಸಿದ ಪುಟಗಳಿಗಾಗಿ ಎಡ್ಜ್‌ನಲ್ಲಿ ಐಇ ಮೋಡ್ ಎಂಬ ವ್ಯವಸ್ಥೆ ಇದೆ. ಅಂತಹ ಪುಟಗಳನ್ನು ಇನ್ನೂ ಬಳಸುತ್ತಿರುವ ಕಚೇರಿಯಲ್ಲಿ ಎಡ್ಜ್ ಅನ್ನು ಉಳಿಸಿಕೊಳ್ಳುವುದು ಅನಿವಾರ್ಯ.

3. ಡಿಜಿಟಲ್ ಸಹಿ. ಸಹಿಯ ಡಾಂಗಲ್ ಕೆಲಸ ಮಾಡಲು ಬ್ರೌಸರ್ ಮತ್ತು ಡಾಂಗಲ್‌ನ ತಂತ್ರಾಂಶ ಪರಸ್ಪರ ಹೊಂದಿಕೆಯಾಗಬೇಕು. ಬ್ರೌಸರ್ ಬದಲಾಯಿಸುವ ಮುನ್ನ ಒಂದು ದಾಖಲೆಗೆ ಸಹಿ ಮಾಡಿ ಪರೀಕ್ಷಿಸಬೇಕು. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2023ರಲ್ಲಿ ಬೆಂಗಳೂರಿನ ಸಿ-ಡ್ಯಾಕ್ ಸಹಯೋಗದಲ್ಲಿ ಸ್ವದೇಶಿ ಬ್ರೌಸರ್ ಸ್ಪರ್ಧೆಯನ್ನು ಪ್ರಕಟಿಸಿದಾಗ, ಟೋಕನ್ ಬಳಸಿ ದಾಖಲೆಗಳಿಗೆ ಡಿಜಿಟಲ್ ಸಹಿ ಮಾಡುವ ಸೌಲಭ್ಯವನ್ನು ಉದ್ದೇಶಗಳಲ್ಲಿ ಸೇರಿಸಿತ್ತು. 2025ರ ಮಾರ್ಚ್‌ನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಜೊಹೊ ಸಂಸ್ಥೆ ₹1 ಕೋಟಿಯ ಮೊದಲ ಬಹುಮಾನ ಪಡೆಯಿತು.

4. ಪಾಸ್‌ವರ್ಡ್ ಮತ್ತು ಖಾತೆ. ಇದು ಎಲ್ಲಕ್ಕಿಂತ ಮುಖ್ಯ. ಹೊಸ ಬ್ರೌಸರ್ ತೆರೆದಾಗ ಹಳೆಯದರಲ್ಲಿರುವ ಪಾಸ್‌ವರ್ಡ್‌ಗಳನ್ನು ತರಲು ಅನುಮತಿ ಕೇಳುತ್ತದೆ. ನಂತರ ಒಂದು ಇಮೇಲ್ ಖಾತೆಗೆ ಸೈನ್ ಇನ್ ಆಗುವಂತೆ ಹೇಳುತ್ತದೆ. ನಿರ್ವಾಹಕರು ತಮ್ಮ ಸ್ವಂತ ಖಾತೆಯಿಂದ ಸೈನ್ ಇನ್ ಆಗಿ ಸಿಂಕ್ ಎಂಬುದಕ್ಕೆ ಒಪ್ಪಿಗೆ ನೀಡಿದರೆ, ಅಲ್ಲಿ ಉಳಿಸಿದ ಕಚೇರಿಯ ಪಾಸ್‌ವರ್ಡ್‌ಗಳು ಅವರ ಖಾತೆಗೂ, ಅದೇ ಖಾತೆಯಿರುವ ಅವರ ಸ್ವಂತ ಫೋನಿಗೂ ತಲುಪಬಹುದು. ಅವರು ಕೆಲಸ ಬಿಟ್ಟರೆ ಅಥವಾ ಬೇರೆಡೆಗೆ ಹೋದರೆ ಬೀಗದ ಕೈ ಅವರೊಂದಿಗೇ ಹೋದಂತೆ. ದುರುದ್ದೇಶ ಇಲ್ಲದಿದ್ದರೂ ಅವರ ಫೋನ್ ಕಳೆದುಹೋದರೆ ಅಪಾಯ ಪಂಚಾಯತಿಗೆ. ಆದುದರಿಂದ ಕಚೇರಿಯ ಗಣಕಯಂತ್ರದಲ್ಲಿ ಸ್ವಂತ ಖಾತೆಯನ್ನು ಬ್ರೌಸರ್‌ಗೆ ಜೋಡಿಸಬಾರದು.

ಆಯ್ಕೆಯನ್ನು ಬದಲಾಯಿಸುವ ವಿಧಾನ

ಒಮ್ಮೆ ಒತ್ತಿದ ಮಾತ್ರಕ್ಕೆ ಆಯ್ಕೆ ಶಾಶ್ವತವಾಗುವುದಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಆ್ಯಪ್ಸ್ ವಿಭಾಗದಲ್ಲಿ ಡಿಫಾಲ್ಟ್ ಆ್ಯಪ್ಸ್ ಒತ್ತಿ, ಬೇಕಾದ ಬ್ರೌಸರ್ ಹೆಸರನ್ನು ಆರಿಸಿದರೆ ಮೇಲ್ಭಾಗದಲ್ಲಿ ಸೆಟ್ ಡಿಫಾಲ್ಟ್ ಎಂಬ ಗುಂಡಿ ಕಾಣುತ್ತದೆ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಈ ಗುಂಡಿ ಇರಲಿಲ್ಲ. ಪ್ರತಿಯೊಂದು ಬಗೆಯ ಕಡತಕ್ಕೂ ಕೊಂಡಿಗೂ ಪ್ರತ್ಯೇಕವಾಗಿ ಬ್ರೌಸರ್ ಬದಲಾಯಿಸಬೇಕಿತ್ತು. ವ್ಯಾಪಕ ಟೀಕೆಯ ನಂತರ 2022ರ ವಸಂತದಲ್ಲಿ ಬಂದ ಅಪ್‌ಡೇಟ್‌ನಲ್ಲಿ ಒಂದೇ ಗುಂಡಿಯ ವ್ಯವಸ್ಥೆ ಬಂತು. ಆಂಡ್ರಾಯ್ಡ್ ಫೋನಿನಲ್ಲಿಯೂ ಸೆಟ್ಟಿಂಗ್ಸ್‌ನ ಡಿಫಾಲ್ಟ್ ಆ್ಯಪ್ಸ್ ಭಾಗದಲ್ಲಿ ಬ್ರೌಸರ್ ಬದಲಾಯಿಸಬಹುದು. ದೊಡ್ಡ ಅಪ್‌ಡೇಟ್ ಆದ ಪ್ರತಿ ಬಾರಿಯೂ ಈ ಪುಟವನ್ನು ಒಮ್ಮೆ ನೋಡುವುದು ಉತ್ತಮ ಅಭ್ಯಾಸ.

ಅಪ್‌ಡೇಟ್‌ಗಳೇ ಬೇಡವೆಂದು ನಿಲ್ಲಿಸಿಬಿಡುವುದು ಮಾತ್ರ ಸರಿಯಲ್ಲ. ಪ್ರಶ್ನೆ ಕೇಳುವ ಅದೇ ಅಪ್‌ಡೇಟ್, ಗಣಕಯಂತ್ರದ ಭದ್ರತೆಯ ಬಿರುಕುಗಳನ್ನೂ ಮುಚ್ಚುತ್ತದೆ. ಅಪ್‌ಡೇಟ್ ಆಗಲಿ, ಶಿಫಾರಸನ್ನು ಓದಿ ನಿರ್ಧರಿಸೋಣ ಎಂಬುದೇ ಸೂಕ್ತ ನಿಲುವು.

ಸದಸ್ಯರ ಪಾತ್ರ

ಸದಸ್ಯರು ಗಣಕಯಂತ್ರದ ಮುಂದೆ ಕುಳಿತು ಕೆಲಸ ಮಾಡಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಕಚೇರಿಯ ಕೊಳವೆ ಬಾವಿ, ಬೀದಿದೀಪ, ಲೆಕ್ಕಪತ್ರಗಳ ಬಗ್ಗೆ ಸಭೆಯಲ್ಲಿ ಕೇಳುವಂತೆಯೇ ಗಣಕಯಂತ್ರದ ಬಗ್ಗೆಯೂ ಕೇಳಬಹುದು. ಮುಂದಿನ ಸಾಮಾನ್ಯ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಈ ಕೆಳಗಿನ ಪ್ರಶ್ನೆಗಳನ್ನು ಕೇಳುವುದು ಉಪಯುಕ್ತ.

ಕಚೇರಿಯ ಗಣಕಯಂತ್ರಗಳಲ್ಲಿ ಪೂರ್ವನಿಗದಿತ ಬ್ರೌಸರ್ ಯಾವುದು, ಅದನ್ನು ಯಾರು ನಿರ್ಧರಿಸಿದರು? ಅದಕ್ಕೆ ಭದ್ರತಾ ಅಪ್‌ಡೇಟ್ ಬರುತ್ತಿದೆಯೇ? ಬ್ರೌಸರ್‌ಗೆ ಯಾರ ಖಾತೆಯನ್ನು ಜೋಡಿಸಲಾಗಿದೆ? ಪಾಸ್‌ವರ್ಡ್‌ಗಳನ್ನು ಬ್ರೌಸರ್‌ನಲ್ಲಿ ಉಳಿಸಲಾಗಿದೆಯೇ? ಸಿಬ್ಬಂದಿ ಬದಲಾದಾಗ ಪಾಸ್‌ವರ್ಡ್ ಬದಲಾಯಿಸಿ ಅದನ್ನು ದಾಖಲಿಸಲಾಗುತ್ತಿದೆಯೇ? ಅಪರಿಚಿತ ಪರದೆ ಬಂದಾಗ ನಿರ್ವಾಹಕರು ಯಾರನ್ನು ಕೇಳಬೇಕು?

ಈ ಪ್ರಶ್ನೆಗಳನ್ನು ಸಿಬ್ಬಂದಿಯ ಮೇಲಿನ ಆಪಾದನೆಯಾಗಿ ಕೇಳಬಾರದು. ಸಾಲಿನಲ್ಲಿ ಜನ ನಿಂತಿರುವಾಗ ಪರದೆಯ ಸಣ್ಣ ಅಕ್ಷರಗಳನ್ನು ಓದಲು ನಿರ್ವಾಹಕರಿಗೆ ಸಮಯವಿರುವುದಿಲ್ಲ. ಆ ಪರದೆಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲೇ ಇರುತ್ತವೆ. ಹೊಸ ಪರದೆ ಬಂದರೆ ನಂತರ ಎಂಬ ಗುಂಡಿಯನ್ನು ಒತ್ತಿ, ಸಂಜೆ ಅಧಿಕಾರಿಯವರೊಂದಿಗೆ ಕುಳಿತು ನಿರ್ಧರಿಸಿ ಎಂಬ ಒಂದು ಸ್ಪಷ್ಟ ಸೂಚನೆ ಅವರಿಗೆ ದೊರೆತರೆ ಅವರ ಹೊರೆಯೂ ಕಡಿಮೆಯಾಗುತ್ತದೆ. ತೀರ್ಮಾನ ಆದ ಮೇಲೆ ದಿನಾಂಕ ಮತ್ತು ಬ್ರೌಸರ್ ಹೆಸರನ್ನು ಗಣಕಯಂತ್ರದ ನಿರ್ವಹಣಾ ವಹಿಯಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕು.

ಯುರೋಪಿನಲ್ಲಿ ಒಂದು ಪ್ರಶ್ನೆಯನ್ನು ಬಳಕೆದಾರನ ಮುಂದೆ ತರಲು ಎರಡು ವರ್ಷಗಳ ವಿಚಾರಣೆ ಬೇಕಾಯಿತು. ಅದು ಕಾಣೆಯಾದ ಕಾರಣಕ್ಕೆ ಇನ್ನೊಂದು ವಿಚಾರಣೆ ನಡೆಯಿತು. ನಮ್ಮ ಕಚೇರಿಯ ಪರದೆಯ ಮೇಲೆ ಬರುವ ಪ್ರಶ್ನೆ ಯಾವ ಬಗೆಯದೇ ಆಗಿರಲಿ, ಉತ್ತರಿಸುವ ಹಕ್ಕು ಕಚೇರಿಗೇ ಸೇರಿದ್ದು. ಸದಸ್ಯರು ಈ ವಿಷಯವನ್ನು ತಮ್ಮ ಪಂಚಾಯತಿಯಲ್ಲಿ ಚರ್ಚಿಸಿ, ಸಿಬ್ಬಂದಿಗೆ ಸೂಕ್ತ ಮಾರ್ಗದರ್ಶನ ದೊರೆಯುವಂತೆ ನೋಡಿಕೊಳ್ಳಬೇಕೆಂದು ಕೋರಲಾಗಿದೆ.